ಪೌಲನ ಕೈಯನ್ನು ಹಿಡಿದ ಹಾವು

(ಅಪೊಸ್ತಲರ ಕೃತ್ಯಗಳ 28ನೆಯ ಅಧ್ಯಾಯದ 1ರಿಂದ 10ರ ವರೆಗಿನ ವಚನಗಳನ್ನು ಮೊದಲು ಓದಿಕೊಳ್ಳಿರಿ.)



ಇನ್ನಂಜೆಯಿಂದ ಕಾಪುವಿನ ಕಡಲ ತೀರದ ವರೆಗೆ ನೀರಿನ ಸಂಗಡ ಬಾಳದ ಮನೆಯು ವಿರಳ. ಮಳೆಗಾಲ ಬಂತೆಂದರೆ ಗದ್ದೆಗಳು ತುಂಬುವವು, ತೋಡುಗಳು ದಡ ಮೀರಿ ಹರಿಯುವವು, ಬಾವಿಯ ನೀರು ಮೇಲಕ್ಕೆ ಏರುವದು. ನಮ್ಮ ಅನ್ನವೂ ಶಂಕರಪುರದ ಮಲ್ಲಿಗೆಯೂ ಕಡಲಿನವರ ಮೀನೂ ಈ ನೀರಿನಿಂದಲೇ ಉಂಟಾಗುತ್ತವೆ. ಆದರೆ ದೇವರು ನೀರನ್ನು ಮನುಷ್ಯನಿಗೋಸ್ಕರ ಮಾತ್ರ ಉಂಟುಮಾಡಲಿಲ್ಲ. ಬಿಲಗಳಲ್ಲಿ ನೀರು ನುಗ್ಗಿದಾಗ ಹಾವುಗಳು ನಮ್ಮ ಹಾಗೆಯೇ ಒಣನೆಲವನ್ನು ಹುಡುಕುತ್ತಾ ಗದ್ದೆಯ ಹುಣಿಗೂ ಕಟ್ಟಿಗೆಯ ರಾಶಿಗೂ ಮನೆಯ ಜಗಲಿಗೂ ಬರುವವು. ನಸುಕಿನಲ್ಲಿ ಮಲ್ಲಿಗೆ ಮೊಗ್ಗು ಕೊಯ್ಯುವ ಕೈಯೂ, ನೇಜಿ ನೆಡುವ ಬರಿಗಾಲೂ ಅವುಗಳಿಗೆ ಎದುರಾಗುವವು.

ಹೀಗೆ ಒಬ್ಬನಿಗೆ ಕಡಿತವಾದಾಗ ನಮ್ಮ ಹಳ್ಳಿಗಳಲ್ಲಿ ಮೂರು ಮಾತುಗಳು ಹುಟ್ಟುವದುಂಟು. ಹೊರಗಿನವರಲ್ಲಿ ಕೆಲವರು, ಇವನ ಹಿರಿಯರು ನಾಗನ ಸೇವೆಯನ್ನು ಬಿಟ್ಟುದರ ಫಲವಿದು ಎನ್ನುವರು. ಸಭೆಯೊಳಗಿನವರಲ್ಲಿ ಕೆಲವರು, ಇವನಲ್ಲಿ ಯಾವದೋ ಗುಪ್ತವಾದ ಪಾಪವಿರಬೇಕು ಎಂದು ಪಿಸುಗುಟ್ಟುವರು. ಇನ್ನು ಕೆಲವರು, ನಂಬಿಕೆಯುಳ್ಳವನಿಗೆ ಪ್ರಾರ್ಥನೆಯೇ ಸಾಕು, ಆಸ್ಪತ್ರೆ ಯಾಕೆ ಎನ್ನುವರು. ಈ ಮೂರು ಮಾತುಗಳು ನಡೆಯುತ್ತಿರುವಾಗ ವಿಷವು ಸುಮ್ಮನೆ ನಿಂತಿರುವದಿಲ್ಲ. ಆದಕಾರಣ ದೇವರ ವಾಕ್ಯವು ಈ ವಿಷಯದಲ್ಲಿ ನಮಗೆ ಏನು ಕಲಿಸುತ್ತದೆಂಬದನ್ನು ಕಡಿತವಾಗುವ ಮೊದಲೇ ತಿಳಿದಿರುವದು ಅವಶ್ಯ.

ಪೌಲನೂ ಅವನ ಸಂಗಡಿಗರೂ ಸೇರಿ 276 ಮಂದಿಯು ಹಡಗು ಒಡೆದು, ಕೆಲವರು ಈಜಿಯೂ ಕೆಲವರು ಹಲಗೆಗಳನ್ನು ಹಿಡಿದೂ ಮೆಲೀತೆ ಎಂಬ ದ್ವೀಪಕ್ಕೆ ಸೇರಿದರು. ಈಗ ಅದಕ್ಕೆ ಮಾಲ್ಟಾ ಎಂದು ಹೆಸರು. ಮಳೆ ಸುರಿಯುತ್ತಿತ್ತು, ಚಳಿಯೂ ಇತ್ತು. ದ್ವೀಪದವರು ಪರದೇಶಿಗಳಿಗೆ ಬೆಂಕಿ ಮಾಡಿ ಕೊಟ್ಟರು. ಪೌಲನು ತಾನು ಅಪೊಸ್ತಲನೆಂದು ಕೈಕಟ್ಟಿ ಕೂತುಕೊಳ್ಳದೆ ಪುಳ್ಳೆಗಳನ್ನು ಕೂಡಿಸಿ ಬೆಂಕಿಗೆ ಹಾಕಿದನು. ಆಗ ಕಾವಿಗೆ ಹಾವೊಂದು ಹೊರಟು ಅವನ ಕೈಯನ್ನು ಹಿಡಿಯಿತು. ಕಡಲಿನಿಂದ ತಪ್ಪಿಸಿಕೊಂಡವನಿಗೆ ದಡದಲ್ಲಿ ಹಾವು! ನಮ್ಮ ನಾಡಿನ ಬೇಸಾಯಗಾರನಿಗೂ ಮೀನುಗಾರನಿಗೂ ಈ ಸಂಗತಿಯು ಅಪರಿಚಿತವಾದದ್ದಲ್ಲ.

ಮೊದಲನೆಯದಾಗಿ, ಆ ಹಾವು ಪೌಲನ ಪಾಪಕ್ಕೆ ಶಿಕ್ಷೆಯಾಗಿ ಬಂದದ್ದಲ್ಲ. ದ್ವೀಪದವರು ಮಾತ್ರ, ಇವನು ಕೊಲೆಗಾರನಿರಬೇಕು, ಕಡಲು ಬಿಟ್ಟರೂ ನ್ಯಾಯವು ಇವನನ್ನು ಬಿಡಲಿಲ್ಲ ಎಂದುಕೊಂಡರು. ಎಷ್ಟು ಬೇಗ ತೀರ್ಪು ಕೊಟ್ಟರು ನೋಡಿರಿ! ಹಾವು ಹೊರಟದ್ದು ಬೆಂಕಿಯ ಕಾವಿನಿಂದ ಎಂದು ಲೂಕನು ಸ್ಪಷ್ಟವಾಗಿ ಬರೆದಿರುತ್ತಾನೆ. ಕಟ್ಟಿಗೆಯಲ್ಲಿ ಅಡಗಿದ್ದ ಜಂತುವು ಬಿಸಿ ತಾಗಿದಾಗ ತನ್ನ ಜೀವಕ್ಕಾಗಿ ಹೊರಗೆ ಬಂತು, ಅಷ್ಟೇ. ನಮ್ಮ ಗದ್ದೆಯ ಕೊಳಕುಮಂಡಲವೂ, ತುಳುವಿನಲ್ಲಿ ಕಂದೊಡಿ ಎನ್ನುವ ಅದೇ ಹಾವು, ಕೊಯಿಲಿನ ಕಾಲದಲ್ಲಿ ಇಲಿಗಳನ್ನು ಹುಡುಕಿ ಬಂದು ಹುಲ್ಲಿನಲ್ಲಿ ಮಲಗಿರುವದು; ಕಾಲು ತುಳಿಯಿತೆಂದರೆ ಕಚ್ಚುವದು. ತುಳಿದವನು ನೀತಿವಂತನೋ ಪಾಪಿಯೋ ಎಂದು ಅದು ವಿಚಾರಿಸುವದಿಲ್ಲ. ಸಿಲೋವದ ಬುರುಜು ಬಿದ್ದು ಸತ್ತ ಹದಿನೆಂಟು ಮಂದಿಯು ಇತರರಿಗಿಂತ ಹೆಚ್ಚಿನ ಪಾಪಿಗಳಲ್ಲವೆಂದು ನಮ್ಮ ಕರ್ತನೇ ಹೇಳಿದನಲ್ಲವೇ? ಆದಕಾರಣ ಹಾವು ಕಚ್ಚಿದವನ ಮನೆಗೆ ನಾವು ಹೋಗುವಾಗ ನ್ಯಾಯಾಧಿಪತಿಗಳಾಗಿ ಹೋಗಬಾರದು. ಕಡಿತದ ನೋವಿನ ಮೇಲೆ ನಿಂದೆಯ ನೋವನ್ನು ಇಡುವವನು ಎರಡನೆಯ ಹಾವಿನಂತಿರುವನು.

ಎರಡನೆಯದಾಗಿ, ಹಾವು ದೇವರೂ ಅಲ್ಲ, ಸೈತಾನನೂ ಅಲ್ಲ. ಅದು ಉಂಟುಮಾಡಲ್ಪಟ್ಟ ಜೀವಿಯು. ಮೋಶೆಯು ಅರಣ್ಯದಲ್ಲಿ ಎತ್ತಿ ನಿಲ್ಲಿಸಿದ ತಾಮ್ರದ ಸರ್ಪಕ್ಕೆ ಇಸ್ರಾಯೇಲ್ಯರು ಮುಂದೆ ಧೂಪ ಹಾಕತೊಡಗಿದಾಗ, ಅರಸನಾದ ಹಿಜ್ಕೀಯನು ಅದನ್ನು ಚೂರುಚೂರು ಮಾಡಿದನು. ನಾವು ಹಾವಿಗೆ ಕೈಮುಗಿಯುವದಿಲ್ಲ, ಅದರ ಶಾಪಕ್ಕೆ ನಡುಗುವದೂ ಇಲ್ಲ. ಹಾಗೆಂದು ನೆರೆಯವರ ಬನವನ್ನು ಹಾಸ್ಯಮಾಡುವದಾಗಲಿ, ನಾವು ಅಂಜುವದಿಲ್ಲವೆಂದು ತೋರಿಸುವದಕ್ಕಾಗಿ ಕಂಡ ಹಾವನ್ನೆಲ್ಲಾ ಬಡಿಯುವದಾಗಲಿ ನಂಬಿಕೆಯ ಗುರುತಲ್ಲ. ಕೆರೆಯಲ್ಲಿಯೂ ತೋಡಿನಲ್ಲಿಯೂ ಕಾಣುವ ನೀರೊಳ್ಳೆ ಹಾವಿಗೆ ಮನುಷ್ಯನನ್ನು ಕೊಲ್ಲುವ ವಿಷವೇ ಇಲ್ಲ. ಅದು ಮೀನನ್ನೂ ಕಪ್ಪೆಯನ್ನೂ ಹಿಡಿದು ಬದುಕುವದು. ಆದರೂ ಎಷ್ಟೋ ನೀರೊಳ್ಳೆಗಳು ಮನುಷ್ಯನ ಕೋಲಿನಿಂದ ಸಾಯುತ್ತವೆ. ಇಲಿಗಳನ್ನು ತಿಂದು ನಮ್ಮ ಭತ್ತವನ್ನು ಉಳಿಸುವ ಹಾವುಗಳೂ ಇವೆ. 1972ರ ವನ್ಯಜೀವಿ ಸಂರಕ್ಷಣೆಯ ಕಾಯಿದೆಯು ಹಾವುಗಳನ್ನು ಕೊಲ್ಲಬಾರದೆಂದು ವಿಧಿಸಿದೆ. ಮನೆಯೊಳಗೆ ಹಾವು ಬಂದರೆ ದೂರ ನಿಂತು, ಮಕ್ಕಳನ್ನು ಹೊರಗೆ ಕರೆದು, ಅದನ್ನು ಹಿಡಿಯಬಲ್ಲವರಿಗೆ ಇಲ್ಲವೆ ಅರಣ್ಯ ಇಲಾಖೆಯವರಿಗೆ ತಿಳಿಸಿರಿ. ಕೋಲು ಹಿಡಿದು ಹತ್ತಿರ ಹೋದವನು ತಾನೇ ಕಚ್ಚಿಸಿಕೊಳ್ಳುವ ಸಂಭವವಿದೆ.

ಮೂರನೆಯದಾಗಿ, ದೇವರನ್ನು ಪರೀಕ್ಷಿಸಬಾರದು. ಪೌಲನು ಹಾವನ್ನು ಹುಡುಕಿಕೊಂಡು ಹೋಗಲಿಲ್ಲ, ಅದು ಹತ್ತಿಕೊಂಡಾಗ ಜನರಿಗೆ ತೋರಿಸುತ್ತಾ ನಿಲ್ಲಲಿಲ್ಲ, ಒಡನೆ ಝಾಡಿಸಿಬಿಟ್ಟನು. ಅಮೇರಿಕಾ ದೇಶದಲ್ಲಿ ಜಾರ್ಜ್ ಹೆನ್ಸ್ಲಿ ಎಂಬ ಬೋಧಕನು ಮಾರ್ಕನ ಸುವಾರ್ತೆಯ ಕಡೇ ಅಧ್ಯಾಯದ ಮಾತನ್ನು ತಪ್ಪಾಗಿ ಹಿಡಿದು, ಆರಾಧನೆಯಲ್ಲಿ ವಿಷದ ಹಾವುಗಳನ್ನು ಕೈಯಲ್ಲಿ ಎತ್ತುವದನ್ನು ಬಹು ಜನರಿಗೆ ಕಲಿಸಿದನು. 1955ರಲ್ಲಿ ಕೂಟವೊಂದರಲ್ಲಿ ಹಾವು ಅವನನ್ನೇ ಕಚ್ಚಿತು. ಅವನು ವೈದ್ಯರ ಸಹಾಯ ಬೇಡವೆಂದು ಸತ್ತನು. ದೇವಾಲಯದ ಶಿಖರದಿಂದ ಧುಮುಕೆಂದು ಸೈತಾನನು ಹೇಳಿದಾಗ ನಮ್ಮ ಕರ್ತನು ಧುಮುಕಲಿಲ್ಲ. ನಾವೂ ಹಾಗೆಯೇ ನಡೆಯತಕ್ಕದ್ದು.

ಪ್ರಾರ್ಥನೆಗೆ ಔಷಧವು ವೈರಿಯೆಂದು ಯಾರು ಹೇಳಿದರು? ಮೆಲೀತೆಯಲ್ಲಿ ಪೌಲನ ಸಂಗಡ ಇದ್ದು ಈ ಸಂಗತಿಯನ್ನು ಬರೆದ ಲೂಕನು ವೈದ್ಯನಾಗಿದ್ದನು. ಪೌಲನು ಅವನನ್ನು ಪ್ರಿಯನೆಂದು ಕರೆದನು. 1923ರಲ್ಲಿ ಸ್ವಿಟ್ಸರ್ಲೆಂಡಿನಿಂದ ಬಂದ ಡಾಕ್ಟರ್ ಈವಾ ಲೊಂಬಾರ್ಡ್ ಅಮ್ಮನವರು ಉಡುಪಿಯಲ್ಲಿ ಆಸ್ಪತ್ರೆಯನ್ನು ಆರಂಭಿಸಿದ್ದು ಪ್ರಾರ್ಥನೆಯಲ್ಲಿ ನಂಬಿಕೆ ಇಲ್ಲದ್ದರಿಂದಲ್ಲ, ಇದ್ದದ್ದರಿಂದಲೇ.

ಹಾವಿನ ವಿಷಕ್ಕೆ ಕೊಡುವ ಚುಚ್ಚುಮದ್ದಿನ ಕಥೆಯನ್ನು ಕೇಳಿರಿ. 1891ರಲ್ಲಿ ಈಗಿನ ವಿಯೆಟ್ನಾಮ್ ದೇಶದ ಒಂದು ಹಳ್ಳಿಗೆ ನೆರೆ ನುಗ್ಗಿ, ನಾಗರಹಾವುಗಳು ಮನೆಗಳೊಳಗೆ ಬಂದು ಸುಮಾರು 40 ಜನರನ್ನು ಕಚ್ಚಿದವು. ಅಲ್ಲಿದ್ದ ಆಲ್ಬೆರ್ ಕಾಲ್ಮೆಟ್ ಎಂಬ ಫ್ರೆಂಚ್ ವೈದ್ಯನು ಇದಕ್ಕೆ ಮದ್ದು ಹುಡುಕತೊಡಗಿ, ಕೆಲವೇ ವರ್ಷಗಳಲ್ಲಿ ಅದನ್ನು ಕಂಡನು. ಇಂದಿಗೂ ಅದನ್ನು ಮಾಡುವ ಕ್ರಮವೇನಂದರೆ, ಕುದುರೆಗೆ ವಿಷವನ್ನು ಸ್ವಲ್ಪ ಸ್ವಲ್ಪವಾಗಿ ಚುಚ್ಚುವರು. ಅದರ ರಕ್ತದಲ್ಲಿ ವಿಷವನ್ನು ತಡೆಯುವ ಶಕ್ತಿ ಹುಟ್ಟುವದು. ಅದನ್ನು ತೆಗೆದು ಶುದ್ಧಮಾಡಿ ಮನುಷ್ಯನಿಗೆ ಕೊಡುವರು. ಒಂದು ಜೀವವು ವಿಷವನ್ನು ತನ್ನ ರಕ್ತದಲ್ಲಿ ತಾಳಿಕೊಂಡದ್ದರಿಂದ ಇನ್ನೊಂದು ಜೀವವು ಉಳಿಯುವದು. ಶಿಲುಬೆಯನ್ನು ಬಲ್ಲವರಾದ ನಮಗೆ ಇದು ತಿಳಿಯದ ಮಾತೇ? ಇಂಥ ಔಷಧವನ್ನು ಬೇಡವೆನ್ನುವದು ಭಕ್ತಿಯಲ್ಲ.

ನಮ್ಮ ದೇಶದಲ್ಲಿ ದೊರೆಯುವ ಆ ಚುಚ್ಚುಮದ್ದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕೆ ಮದ್ದಾಗಿದೆ. ಹೀಗಿದ್ದರೂ 2000ದಿಂದ 2019ರ ವರೆಗೆ ಭಾರತದಲ್ಲಿ ವರ್ಷವೊಂದಕ್ಕೆ ಸರಾಸರಿ 58,000 ಜನರು ಹಾವು ಕಡಿತದಿಂದ ಸತ್ತರೆಂದು ತಿಳಿದವರು ಅಂದಾಜುಮಾಡಿದ್ದಾರೆ. ಅವರಲ್ಲಿ ಹೆಚ್ಚಿನವರು ಹಳ್ಳಿಗಳವರು. 2024ರಲ್ಲಿ ಕರ್ನಾಟಕ ಸರಕಾರವು ಪ್ರತಿಯೊಂದು ಹಾವು ಕಡಿತವನ್ನೂ ಆಸ್ಪತ್ರೆಗಳು ವರದಿಮಾಡಬೇಕೆಂದು ಆಜ್ಞಾಪಿಸಿತು. ಸಾಯುವವರಲ್ಲಿ ಅನೇಕರು ಮದ್ದಿಲ್ಲದೆ ಸಾಯುವದಿಲ್ಲ, ಮದ್ದಿನ ಬಳಿಗೆ ತಡವಾಗಿ ಬಂದು ಸಾಯುತ್ತಾರೆ.

ಆದಕಾರಣ ಇದನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿರಿ. ಕಡಿತವಾದವನನ್ನು ಓಡಿಸದೆ ಕುಳ್ಳಿರಿಸಿ ಧೈರ್ಯ ಹೇಳಿರಿ. ಉಂಗುರ, ಬಳೆ, ಕಾಲುಂಗುರಗಳನ್ನು ತೆಗೆಯಿರಿ. ಎಲುಬು ಮುರಿದವನಿಗೆ ಕಟ್ಟುವಂತೆ ಕೈಯನ್ನೋ ಕಾಲನ್ನೋ ಪಟ್ಟಿಯ ಆಸರೆ ಕೊಟ್ಟು ಅಲ್ಲಾಡದಂತೆ ಇಡಿರಿ. ಹಗ್ಗದಿಂದ ಬಿಗಿಯಬೇಡಿರಿ, ಗಾಯವನ್ನು ಕೊಯ್ಯಬೇಡಿರಿ, ಬಾಯಿಂದ ಹೀರಬೇಡಿರಿ. ಹಾವನ್ನು ಹಿಡಿಯುವದರಲ್ಲಿ ಹೊತ್ತು ಕಳೆಯಬೇಡಿರಿ. 108ಕ್ಕೆ ಕರೆಮಾಡಿರಿ, ಇಲ್ಲವೆ ಸಿಕ್ಕಿದ ವಾಹನದಲ್ಲಿ ಒಡನೆ ಆಸ್ಪತ್ರೆಗೆ ಒಯ್ಯಿರಿ. ಇನ್ನಂಜೆಯಿಂದ ಉಡುಪಿಯೂ ಮಣಿಪಾಲವೂ ಬಹು ದೂರವಲ್ಲ. ಪ್ರಾರ್ಥನೆಯನ್ನು ದಾರಿಯಲ್ಲಿ ಮಾಡಿರಿ; ವಾಹನದಲ್ಲಿ ಮಾಡಿದ ಪ್ರಾರ್ಥನೆಯನ್ನೂ ದೇವರು ಕೇಳುತ್ತಾನೆ. ಕಟ್ಟುಹಾವು ರಾತ್ರಿಯಲ್ಲಿ ಮಲಗಿದವರನ್ನು ಕಚ್ಚುವದು, ನೋವೂ ಗಾಯವೂ ಹೆಚ್ಚಾಗಿ ಕಾಣುವದಿಲ್ಲ. ಆದದರಿಂದ ನೋವಿಲ್ಲವೆಂದು ಬೆಳಗಿನ ವರೆಗೆ ಕಾಯಬೇಡಿರಿ. ನೆಲದಲ್ಲಿ ಮಲಗುವವರು ಸೊಳ್ಳೆಪರದೆಯನ್ನು ಚಾಪೆಯ ಕೆಳಗೆ ಸಿಕ್ಕಿಸಿಕೊಂಡರೆ ಹಾವಿಗೂ ಅದು ತಡೆಯಾಗುವದು. ಕತ್ತಲಲ್ಲಿ ನಡೆಯುವವರಿಗೆ ದೀಪವೂ, ಗದ್ದೆಗೆ ಇಳಿಯುವವರಿಗೆ ಸಾಧ್ಯವಿದ್ದರೆ ರಬ್ಬರಿನ ಬೂಟೂ ಬೇಕು.

ಕಾಪುವಿನಲ್ಲಿಯೂ ಮಲ್ಪೆಯಲ್ಲಿಯೂ ಬಲೆಯೆಳೆಯುವ ಸಹೋದರರಿಗೆ ಬೇರೆ ಒಂದು ಮಾತು. ಬಲೆಯಲ್ಲಿ ಮೀನಿನ ಸಂಗಡ ಕಡಲ ಹಾವು ಬರುವದುಂಟು. ದೋಣಿಯ ಹುಟ್ಟಿನ ಹಾಗೆ ಚಪ್ಪಟೆಯಾದ ಅದರ ಬಾಲವೇ ಅದರ ಗುರುತು. ಅದು ಕಚ್ಚಿದಾಗ ನೋವು ಸ್ವಲ್ಪವೇ. ಆದರೆ ತುಸು ಹೊತ್ತಿನ ಮೇಲೆ ಮೈಯೆಲ್ಲಾ ನೋಯುವದು, ದವಡೆ ಬಿಗಿಯುವದು, ಮೂತ್ರವು ಕಪ್ಪಾಗುವದು. ಮೇಲೆ ಹೇಳಿದ ಚುಚ್ಚುಮದ್ದು ಈ ವಿಷಕ್ಕೆ ಮದ್ದಲ್ಲವಾದರೂ, ಉಸಿರಾಟಕ್ಕೂ ಮೂತ್ರಪಿಂಡಗಳಿಗೂ ಆಸ್ಪತ್ರೆಯಲ್ಲಿ ಕೊಡುವ ಸಹಾಯದಿಂದ ಜನರು ಬದುಕಿಕೊಳ್ಳುತ್ತಾರೆ. ಹಾವನ್ನು ಬರಿಗೈಯಿಂದ ಬಲೆಯೊಳಗಿಂದ ಬಿಡಿಸಬೇಡಿರಿ. ಮರಳಿನಲ್ಲಿ ಹುದುಗಿರುವ ತೊರಕೆ ಮೀನಿನ ಬಾಲದ ಮುಳ್ಳಿಗೂ ವಿಷವಿದೆ. ಆಳವಿಲ್ಲದ ನೀರಿನಲ್ಲಿ ಕಾಲೆತ್ತಿ ಇಡದೆ ಮರಳಿನ ಮೇಲೆ ಸವರುತ್ತಾ ನಡೆದರೆ ಅದು ತಾನೇ ದೂರ ಹೋಗುವದು. ಚುಚ್ಚಿದರೆ ಸುಡದಷ್ಟು ಬಿಸಿಯಾದ ನೀರಿನಲ್ಲಿ ಗಾಯವನ್ನು ಮುಳುಗಿಸಿದರೆ ನೋವು ಇಳಿಯುವದು. ಆ ಮೇಲೆ ವೈದ್ಯರಿಗೆ ತೋರಿಸಿರಿ.

ಕಡೆಯದಾಗಿ, ಒಂದು ವಿಷಯವನ್ನು ಮರೆಯಬಾರದು. ಪೌಲನನ್ನು ಕೊಲೆಗಾರನೆಂದ ಅದೇ ಜನರು, ಅವನು ಸಾಯದೆ ಇದ್ದದ್ದನ್ನು ಕಂಡು ದೇವರೆಂದರು. ಎರಡೂ ಸುಳ್ಳು. ಉಳಿದವನೆಲ್ಲಾ ಭಕ್ತನೂ ಅಲ್ಲ, ಸತ್ತವನೆಲ್ಲಾ ಪಾಪಿಯೂ ಅಲ್ಲ. ಪೌಲನು ಆ ಹೊತ್ತು ಉಳಿದನು. ಆದರೆ ಮುಂದೆ ರೋಮಾಪುರದಲ್ಲಿ ಕತ್ತಿಯಿಂದ ಸತ್ತನೆಂದು ಸಭೆಯ ಹಿರಿಯರ ಸಾಕ್ಷಿ. ಹಾವಿನಿಂದ ತಪ್ಪಿಸಿದ ದೇವರು ಕತ್ತಿಯ ಬಳಿಯಲ್ಲಿ ಅವನನ್ನು ಕೈಬಿಟ್ಟನೋ? ಇಲ್ಲ. ಎಲ್ಲವನ್ನೂ ಸರಿಯಾಗಿ ಮಾಡಿದ ಮೇಲೆಯೂ ಒಂದು ಮನೆಯ ಮಗನು ಹಿಂದಿರುಗದೆ ಹೋಗಬಹುದು. ಆ ಮನೆಯ ತಾಯಿಗೆ, ನಿನ್ನ ನಂಬಿಕೆ ಸಾಲದಾಯಿತು ಎನ್ನುವ ನಾಲಿಗೆ ನಮ್ಮಲ್ಲಿ ಇರಬಾರದು. ಅವಳ ಸಂಗಡ ಕೂತು ಅಳಿರಿ. ಅವಳ ಗದ್ದೆಯ ನಾಟಿಯನ್ನು ನೀವು ಮಾಡಿರಿ. ಇದೇ ಸಭೆಯ ಧರ್ಮವು.

ಮೆಲೀತೆಯವರ ಮಾತು ತಪ್ಪಾಗಿದ್ದರೂ ಅವರ ಕೈ ಒಳ್ಳೇದಾಗಿತ್ತು. ಮಳೆಯಲ್ಲಿ ನಡುಗುವ ಪರರಿಗೆ ಅವರು ಬೆಂಕಿ ಮಾಡಿದರು. ಪೌಲನೂ ಅವರ ಮಾತನ್ನು ಮನಸ್ಸಿನಲ್ಲಿಡದೆ ಅವರ ರೋಗಿಗಳಿಗೆ ಸೇವೆಮಾಡಿದನು. ನಾಳೆ ಹುಣಿಯ ಆಚೆಯಲ್ಲಿ ಕೂಗು ಕೇಳಿಸಿದರೆ, ಬಿದ್ದವನು ಯಾವ ಮತದವನು, ನಿನ್ನೆ ನಮ್ಮ ವಿಷಯ ಏನಂದನು ಎಂದು ಕೇಳದೆ ಓಡಿರಿ. ಅವನನ್ನು ಎತ್ತಿ ವಾಹನಕ್ಕೆ ಏರಿಸಿರಿ. ಭೂಮಿಯನ್ನೂ ಸಮುದ್ರವನ್ನೂ ಅವುಗಳಲ್ಲಿ ಚಲಿಸುವ ಸಮಸ್ತವನ್ನೂ ಉಂಟುಮಾಡಿದ ದೇವರು ಈ ಮಳೆಗಾಲದಲ್ಲಿ ನಮ್ಮ ಕಾಲುಗಳಿಗೆ ಎಚ್ಚರವನ್ನೂ, ಕೈಗಳಿಗೆ ದಯೆಯನ್ನೂ, ನಾಲಿಗೆಗಳಿಗೆ ಮೌನವನ್ನೂ ಅನುಗ್ರಹಿಸಲಿ. ಆಮೆನ್.