‘ರಕ್ತದಲ್ಲೇ ಇದೆ’ ಎಂಬ ಮೆಚ್ಚುಗೆ

2024ರ ಮಾರ್ಚ್‌ನಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ಅರೀಕ್ಕೋಡಿನಲ್ಲಿ, ಸೆವೆನ್ಸ್ ಫುಟ್‌ಬಾಲ್ ಪಂದ್ಯದ ಹೊತ್ತಿಗೆ, ಐವರಿ ಕೋಸ್ಟ್‌ನ ಯುವ ಆಟಗಾರನೊಬ್ಬನನ್ನು ಜನ ಅಟ್ಟಿಸಿಕೊಂಡು ಹೋಗಿ ಹೊಡೆದರು. ಬಣ್ಣ ಹಿಡಿದು ಬೈದರು, ಕಲ್ಲು ತೂರಿದರು ಎಂದು ಆತ ಪೊಲೀಸರಿಗೆ ದೂರು ಕೊಟ್ಟ. ವಿಡಿಯೊ ನೋಡಿದವರು ಛೀಮಾರಿ ಹಾಕಿದರು. ಹಾಕಬೇಕಾದ್ದೇ. ಬೈಗುಳದ ಒಂದು ಅನುಕೂಲವೆಂದರೆ ಅದು ಕಿವಿಗೆ ಬೀಳುತ್ತದೆ, ಅದರ ಮೇಲೆ ದೂರು ಬರೆಯಬಹುದು. ನನ್ನ ತಕರಾರು ಇರುವುದು ಯಾರೂ ದೂರು ಕೊಡಲಾಗದ ಇನ್ನೊಂದು ಮಾತಿನ ಮೇಲೆ. ಅದು ಮೆಚ್ಚುಗೆಯ ಮಾತು: ‘ಇವರಿಗೆ ಆಟ ರಕ್ತದಲ್ಲೇ ಇದೆ.’

ಆ ಮಾತು ಹುಟ್ಟುವುದನ್ನು ಕಾರ್ಖಾನೆ ಊರುಗಳ ಮೈದಾನದಲ್ಲಿ ಕಾಣಬಹುದು. ವಡೋದರಾ ಮಗ್ಗುಲಿನ ಕೊಯಾಲಿಯಲ್ಲಿ 1965ರಲ್ಲಿ ತೈಲ ಶುದ್ಧೀಕರಣ ಘಟಕ ಶುರುವಾಯಿತು. ಇಂಥ ಕಾರ್ಖಾನೆ ಊರುಗಳಿಗೆ ಕೆಲಸದ ಬೆನ್ನು ಹತ್ತಿ ನಾನಾ ರಾಜ್ಯದವರು ಬರುತ್ತಾರೆ. ಸಂಜೆ ಅವರ ಮಕ್ಕಳೆಲ್ಲ ಒಂದೇ ಮೈದಾನಕ್ಕೆ ಇಳಿಯುತ್ತಾರೆ. ಎಲ್ಲಾದರೂ ಸರಿ, ಇಂಥ ಕಡೆ ತಂಡ ಕಟ್ಟುವುದನ್ನು ನಿಂತು ನೋಡಿ. ಮಣಿಪುರದ ಹುಡುಗನಿಗೆ ‘ಚಿಂಕಿ’ ಎಂಬ ಹೆಸರು ಅಂಟಿರುತ್ತದೆ. ಅದು ಪ್ರೀತಿಯ ಹೆಸರಂತೆ, ಅವನನ್ನು ಮಾತ್ರ ಯಾರೂ ಕೇಳಿರುವುದಿಲ್ಲ. ಕಪ್ಪಗೆ, ಎತ್ತರಕ್ಕಿರುವವನನ್ನು ಕೋಚ್ ನೇರ ವಿಂಗ್‌ಗೆ ಅಟ್ಟುತ್ತಾರೆ: ‘ನೀನು ಓಡು ಸಾಕು, ಚೆಂಡು ಅವರು ಕೊಡ್ತಾರೆ.’ ನಡುವೆ ನಿಂತು ಆಟ ಕಟ್ಟುವ ಕೆಲಸ ಬೇರೆಯವನಿಗೆ. ಇದೇನು ಎಂದರೆ, ಪ್ರತಿಭೆ ಗುರುತಿಸುವುದು ಎನ್ನುತ್ತಾರೆ.

ಈ ಕೋಚ್‌ನ ತರ್ಕವನ್ನೇ ಸರ್ಕಾರ ಒಮ್ಮೆ ಯೋಜನೆ ಮಾಡಿತ್ತು. ಮಾರ್ಗರೆಟ್ ಆಳ್ವ ಕೇಂದ್ರದಲ್ಲಿ ಕ್ರೀಡಾ ಖಾತೆ ನೋಡುತ್ತಿದ್ದ ಕಾಲ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ‘ಸ್ಪೆಷಲ್ ಏರಿಯಾ ಗೇಮ್ಸ್’ ಯೋಜನೆಯಡಿ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಕ್ಕಳನ್ನು ಆರಿಸಿ ತರಬೇತಿಗೆ ಒಯ್ದಿತು. ಗುಜರಾತಿನ ಗಿರ್ ಸುತ್ತಲಿನವರಿದ್ದರು, ನಮ್ಮ ಉತ್ತರ ಕನ್ನಡದವರೂ ಇದ್ದರು. ಲೆಕ್ಕ ಸರಳ: ಆಫ್ರಿಕಾದವರು ಒಲಿಂಪಿಕ್ಸ್ ಗೆಲ್ಲುತ್ತಾರೆ, ಇವರ ಹಿರಿಯರು ಆಫ್ರಿಕಾದವರು, ಆದ್ದರಿಂದ ಇವರೂ ಗೆಲ್ಲಬೇಕು. ಈ ಲೆಕ್ಕ ಅದರ ಲೆಕ್ಕದಲ್ಲೇ ತಪ್ಪು. ದೂರದೋಟದ ಪದಕಗಳು ಬಹುಪಾಲು ಬಂದದ್ದು ಕೀನ್ಯಾ, ಇಥಿಯೋಪಿಯಾಗಳ ಎತ್ತರದ ನಾಡಿನವರಿಂದ. ಸಿದ್ದಿಗಳ ಹಿರಿಯರಲ್ಲಿ ಬಹಳ ಮಂದಿ ಶತಮಾನಗಳ ಹಿಂದೆ ಆ ಖಂಡದ ಪೂರ್ವ ಕರಾವಳಿಯಿಂದ ಹಡಗು ಹತ್ತಿದವರು, ಅನೇಕರು ಗುಲಾಮರಾಗಿ. ಒಬ್ಬರ ಓಟವನ್ನು ಇನ್ನೊಬ್ಬರ ಖಾತೆಗೆ ಬರೆಯಲು ಇದ್ದ ಆಧಾರ ಗುಂಗುರು ಕೂದಲು ಮತ್ತು ಮೈಬಣ್ಣ, ಅಷ್ಟೇ.

ಇನ್ನೊಂದು ಕಡೆಯಿಂದ ನೋಡೋಣ. ಅಹಮದಾಬಾದಿನ ಪೇಟೆಯ ನಡುವೆ ಸಿದಿ ಸೈಯದ್ ಮಸೀದಿ ಇದೆ, 1573ರ ಸುಮಾರಿನದು. ಮರದ ಕೊಂಬೆಗಳು ಹೆಣೆದುಕೊಂಡ ಅದರ ಕಲ್ಲಿನ ಜಾಲಂದರ ಊರಿನ ಗುರುತೇ ಆಗಿದೆ. ಕಟ್ಟಿಸಿದವನು ಸಿದ್ದಿ. ಅಹಮದ್‌ನಗರದ ರಾಜ್ಯವನ್ನು ವರ್ಷಗಟ್ಟಲೆ ಮೊಘಲರ ಬಾಯಿಗೆ ಬೀಳದಂತೆ ಹಿಡಿದಿಟ್ಟ ಮಲಿಕ್ ಅಂಬರ್ ಕೂಡ ಆಫ್ರಿಕಾದಿಂದ ಗುಲಾಮನಾಗಿ ಬಂದವನು. ಇವರನ್ನು ನೋಡಿ ‘ಸಿದ್ದಿಗಳಿಗೆ ರಾಜನೀತಿ ರಕ್ತದಲ್ಲೇ ಇದೆ, ಮಕ್ಕಳನ್ನು ಐಎಎಸ್ ತರಬೇತಿಗೆ ಆರಿಸಿ’ ಎಂದು ಯಾವ ಅಧಿಕಾರಿಯೂ ಕಡತ ತೆರೆಯಲಿಲ್ಲ. ರಕ್ತ ಎಂಬುದು ಕಾಲಿನ ತನಕ ಹರಿದು, ತಲೆಗೆ ಮಾತ್ರ ಏರುವುದಿಲ್ಲವೆಂದು ಕಾಣುತ್ತದೆ.

ಆ ಕ್ರೀಡಾ ಯೋಜನೆಯಿಂದ ಒಳ್ಳೆಯದಾಗಲಿಲ್ಲವೇ ಎಂದು ಕೇಳುವವರಿದ್ದಾರೆ. ಆಯಿತು. ಕಾಡಂಚಿನ ಮಕ್ಕಳಿಗೆ ಹೊಟ್ಟೆ ತುಂಬ ಊಟ, ಶೂ, ಓದು ಸಿಕ್ಕಿತು. ಕೆಲವರು ಕ್ರೀಡಾ ಕೋಟಾದಲ್ಲಿ ನೌಕರಿ ಹಿಡಿದರು. ಅದನ್ನು ಅಲ್ಲಗಳೆಯುವುದು ಅನ್ಯಾಯ. ಆದರೆ ಅವೆಲ್ಲ ಬಡ ಮಕ್ಕಳೆಂಬ ಕಾರಣಕ್ಕೇ ಸಿಗಬೇಕಿತ್ತು, ಆಫ್ರಿಕಾದ ಮುಖ ಇದೆ ಎಂಬ ಕಾರಣಕ್ಕಲ್ಲ. ರಕ್ತ ನೋಡಿ ಕೊಟ್ಟದ್ದನ್ನು ರಕ್ತ ನೋಡಿಯೇ ಕಿತ್ತುಕೊಳ್ಳಬಹುದು. ಗೆದ್ದರೆ ವಂಶದ ಗುಣ, ಬೆಳಗಿನ ಜಾವ ಎದ್ದು ಓಡಿದ್ದಕ್ಕೆ ಬೆಲೆಯಿಲ್ಲ. ಸೋತರೆ ಇಡೀ ಜನಾಂಗವೇ ಸೋತ ಹಾಗೆ. 1993ರಲ್ಲಿ ಸಿದ್ದಿ ಮಕ್ಕಳ ತರಬೇತಿ ನಿಂತಿತು, ಹಲವರು ಊರಿಗೆ ಮರಳಿದರು. ಅವರ ಕಾಲುಗಳನ್ನು 1987ರಲ್ಲೇ ಗುರುತಿಸಿದ್ದ ಸರ್ಕಾರಕ್ಕೆ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಲು 2003 ಬರಬೇಕಾಯಿತು; ಧಾರವಾಡ, ಬೆಳಗಾವಿಯವರಿಗೆ 2020.

ಇದು ನಮ್ಮಲ್ಲಷ್ಟೇ ಇರುವ ರೋಗವೇನಲ್ಲ. ಯುರೋಪಿನ ನಾಲ್ಕು ದೊಡ್ಡ ಲೀಗ್‌ಗಳ 80 ಪಂದ್ಯಗಳ ವೀಕ್ಷಕ ವಿವರಣೆಯನ್ನು 2020ರಲ್ಲಿ ಒಂದು ಅಧ್ಯಯನ ಜಾಲಾಡಿತು. ಬಿಳಿಯರ ಜಾಣ್ಮೆ, ಶ್ರಮಗಳಿಗೆ ಹೆಚ್ಚು ಹೊಗಳಿಕೆ. ಕಪ್ಪು ಆಟಗಾರರ ವಿಷಯ ಬಂದಾಗ ಮಾತು ಕಸುವು, ವೇಗಗಳ ಕಡೆ ತಿರುಗುತ್ತಿತ್ತು. ಆ ವಿವರಣೆಕಾರರಲ್ಲಿ ಯಾರೂ ಬೈಯಲಿಲ್ಲ. ಅರೀಕ್ಕೋಡಿನ ಗುಂಪು ಒಬ್ಬನನ್ನು ಬರೀ ಮೈಯಾಗಿ ಕಂಡಿತು, ಇವರೂ ಬರೀ ಮೈಯಾಗಿಯೇ ಕಂಡರು. ಒಂದರಲ್ಲಿ ಸಿಟ್ಟು, ಇನ್ನೊಂದರಲ್ಲಿ ಚಪ್ಪಾಳೆ. ಸಿಟ್ಟಿಗೆ ಹುಡುಗ ತಿರುಗಿ ಬೀಳಬಲ್ಲ. ಚಪ್ಪಾಳೆಗೆ ತಲೆ ಬಾಗಿಸಿ, ತಾನು ಓಡಲಷ್ಟೇ ಲಾಯಕ್ಕು ಎಂದು ತಾನೇ ನಂಬಿಬಿಡುತ್ತಾನೆ. ಹಾಗಾಗಿ ಎರಡರಲ್ಲಿ ಚಪ್ಪಾಳೆಯದೇ ಹೆಚ್ಚು ದಿನದ ಪೆಟ್ಟು ಎಂಬುದು ನನ್ನ ತೀರ್ಮಾನ.

ಮಕ್ಕಳಿಗೆ ಫುಟ್‌ಬಾಲ್ ಕಲಿಸುವವರಲ್ಲಿ ಕೇಳಿಕೊಳ್ಳುವುದು ಇಷ್ಟು: ವಿಂಗ್‌ನಲ್ಲಿ ಓಡಿಸುತ್ತಿರುವ ಆ ಹುಡುಗನನ್ನು ಈ ಸೀಸನ್ ಪೂರ್ತಿ ಮಿಡ್‌ಫೀಲ್ಡ್‌ನಲ್ಲಿ ಆಡಿಸಿ. ಎರಡು ಪಂದ್ಯ ಸೋತರೂ ಅವನನ್ನು ತೆಗೆಯಬೇಡಿ.