ಕಾಣದವರ ನಂಬುಗೆ

ನಂಬುಗೆಯು ಗುಣವೋ ದೋಷವೋ ಎಂಬ ಪ್ರಶ್ನೆ ಹೊಸದಲ್ಲ. ಆದರೆ ಅಂಗೈಯಗಲದ ದೂರವಾಣಿಯು ಮನೆಮನೆಯನ್ನೂ ಹೊಕ್ಕಿರುವ ಈ ಕಾಲದಲ್ಲಿ ಅದು ಹೊಸ ವೇಷದಿಂದ ನಮ್ಮೆದುರು ನಿಂತಿದೆ. ಕಂಡರಿಯದವರು ಅದರ ಮೂಲಕ ಪ್ರೇಮವನ್ನು ನಟಿಸಿ ಧನವನ್ನು ಅಪಹರಿಸಿದ ಸುದ್ದಿಗಳನ್ನು ವಾಚಕರು ಓದಿಯೇ ಇರುತ್ತಾರೆ, ಓದಿ, "ಎಂತಹ ಮೂಢರು!" ಎಂದು ನಕ್ಕೂ ಇರುತ್ತಾರೆ. ನಾನೂ ನಕ್ಕವನೇ. ಆ ನಗೆ ಸಲ್ಲದೆಂಬುದು ನನಗೆ ತಿಳಿದುದು ಹಾನಗಲ್ಲ ತಾಲೂಕಿನ ಆಡೂರಿನಲ್ಲಿ.

ಅಲ್ಲಿ ನನಗೆ ಪರಿಚಿತರಾದ ನಿವೃತ್ತ ನೌಕರರೊಬ್ಬರಿದ್ದಾರೆ. ಪತ್ನಿ ಲಿಂಗೈಕ್ಯರಾಗಿ ನಾಲ್ಕು ವರ್ಷಗಳಾದವು. ಮಕ್ಕಳು ಬೆಂಗಳೂರು, ಪುಣೆಗಳಲ್ಲಿರುವರು. ಲಂಡನ್ನಿನಲ್ಲಿ ದಾದಿಯೆಂದು ಹೇಳಿಕೊಂಡ ಹೆಂಗಸೊಬ್ಬಳು ಆರು ತಿಂಗಳು ಇವರಿಗೆ ದಿನವೂ ಸಂದೇಶ ಬರೆದಳು. ತರುವಾಯ ಉಡುಗೊರೆಯ ಪೆಟ್ಟಿಗೆಯನ್ನು ಕಳಿಸಿರುವೆನೆಂದಳು. ಮರುದಿನ ದಿಲ್ಲಿಯ ವಿಮಾನ ನಿಲ್ದಾಣದ ಸುಂಕದ ಅಧಿಕಾರಿಯೆಂದು ಒಬ್ಬನು ಕರೆ ಮಾಡಿದನು. ಮೊದಲು ಸುಂಕ, ಬಳಿಕ ದಂಡ, ಆಮೇಲೆ ಮತ್ತೊಂದು ಶುಲ್ಕ. ಹೀಗೆ ನಿವೃತ್ತಿಯ ಗಂಟು ಕರಗಿಹೋಯಿತು.

"ಪೆಟ್ಟಿಗೆಯ ಆಸೆಯಿರಲಿಲ್ಲವೇ?" ಎಂದು ನಾನು ತುಸು ಕಟುವಾಗಿಯೇ ಕೇಳಿದೆನು.

"ಪೆಟ್ಟಿಗಿ ಯಾರಿಗೆ ಬೇಕಾಗಿತ್ರಿ ಮಾಸ್ತರ? ಬಿಡಿಸಿಕೊಳ್ಳದಿದ್ರ ಅಕಿ ನೊಂದ್ಕೊಂತಾಳ ಅಂತ ರೊಕ್ಕ ಕಟ್ಟಿದೆ. ರಾತ್ರಿ ಆತಂದ್ರ, ಊಟ ಆತೇನು ಅಂತ ಕೇಳಾಕಿ ಅಕಿ ಒಬ್ಬಾಕಿನ ಇದ್ಲು."

ಈ ಮಾತಿನಲ್ಲಿ ರೋಗದ ಮೂಲವಿದೆ. ಜನರು ಇಲ್ಲಿ ಮೋಸಹೋಗುವುದು ಸದಾ ಲೋಭದಿಂದಲ್ಲ; ತನ್ನನ್ನು ವಿಚಾರಿಸುವವರೊಬ್ಬರು ಬೇಕೆಂಬ ಹಂಬಲದಿಂದ. ವಂಚಕನು ಮೊದಲು ಹಣವನ್ನು ಕೇಳುವುದಿಲ್ಲ, ಕುಶಲವನ್ನು ಕೇಳುತ್ತಾನೆ. ನಾವು ಆಡಿದುದನ್ನು ನೆನಪಿಟ್ಟು ನಮಗೇ ಸವಿಯಾಗಿ ಮರಳಿಸುತ್ತಾನೆ. ಒಮ್ಮೆ ಹಣ ಕೊಟ್ಟ ಮೇಲೆ, ಇದು ಸುಳ್ಳೆಂದು ಒಪ್ಪಿಕೊಂಡರೆ ಹಣದೊಡನೆ ಪ್ರೀತಿಯನ್ನೂ ಕಳೆದುಕೊಳ್ಳಬೇಕು. ಆ ದುಃಖಕ್ಕೆ ಅಂಜಿ ಮನುಷ್ಯನು ಮತ್ತೆ ಕೊಡುತ್ತಾನೆ.

ಓದು ಬರಹವುಳ್ಳವರೂ ಇದಕ್ಕೆ ಹೊರತಲ್ಲ. ಅಮೆರಿಕದಲ್ಲಿ 2022ನೆಯ ಒಂದೇ ವರ್ಷ ಸುಮಾರು 70,000 ಜನರು ಇಂತಹ ಪ್ರೇಮವಂಚನೆಯ ದೂರಿತ್ತರೆಂದೂ, ಕಳೆದುಹೋದ ಹಣ 130 ಕೋಟಿ ಡಾಲರುಗಳೆಂದೂ ಅಲ್ಲಿಯ ಸರಕಾರದ ವ್ಯಾಪಾರ ಆಯೋಗವು ಪ್ರಕಟಿಸಿದೆ. ಅತ್ತ, ಬರೆಯುವ ಕೈಯೂ ಕೆಲವೊಮ್ಮೆ ಸೆರೆಯಲ್ಲಿರುವುದುಂಟು. ಮ್ಯಾನ್ಮಾರಿನಲ್ಲಿ 1,20,000 ಜನರನ್ನೂ ಕಾಂಬೋಡಿಯದಲ್ಲಿ ಸುಮಾರು 1,00,000 ಜನರನ್ನೂ ಬಲಾತ್ಕಾರದಿಂದ ಇಂತಹ ವಂಚನೆಗಳಿಗೆ ದುಡಿಸಿಕೊಳ್ಳುತ್ತಿರಬಹುದೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಯು 2023ರ ಆಗಸ್ಟಿನಲ್ಲಿ ವರದಿ ಮಾಡಿತು.

ಇನ್ನು ಕಠಿಣವಾದ ಪ್ರಶ್ನೆಗೆ ಬರೋಣ. ಆ ಹಿರಿಯರು ನನ್ನನ್ನು ಕೇಳಿದರು: "ಕಾಣದ ದೇವರನ್ನ ನೀವು ನಂಬೂದಿಲ್ಲೇನ್ರಿ?" ಶರಣಸತಿ ಲಿಂಗಪತಿಯೆಂಬ ಭಾವವನ್ನು ಮೂವತ್ತು ವರ್ಷ ಬೋಧಿಸಿದ ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಅಕ್ಕಮಹಾದೇವಿಯು ಒಲಿದುದು ಕಣ್ಣಿಗೆ ಕಾಣದ ಚೆನ್ನಮಲ್ಲಿಕಾರ್ಜುನನಿಗೆ ತಾನೆ? ಹಾಗಾದರೆ ಭೇದವೆಲ್ಲಿ?

ಭೇದವು ಕಾಣುವುದು ಕಾಣದಿರುವುದರಲ್ಲಿಲ್ಲ, ಪರೀಕ್ಷೆಗೆ ಒಡ್ಡಿಕೊಳ್ಳುವುದರಲ್ಲಿದೆ. ಅಕ್ಕನು ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭುಗಳು ಅವಳನ್ನು ನಿಷ್ಠುರವಾಗಿ ಪ್ರಶ್ನಿಸಿದುದನ್ನು ಶೂನ್ಯಸಂಪಾದನೆಯು ವರ್ಣಿಸುತ್ತದೆ. ಅವಳು ತನ್ನ ಒಲುಮೆಯನ್ನು ಮರೆಮಾಡಲಿಲ್ಲ. ಅನುಭವಮಂಟಪದ ನಡುವೆ ನಿಂತು ಉತ್ತರಿಸಿದಳು. ನಿಜವಾದ ಒಲುಮೆ ಹತ್ತು ಜನರ ಪ್ರಶ್ನೆಯನ್ನು ತಾಳಿಕೊಳ್ಳುತ್ತದೆ. ಇಷ್ಟಲಿಂಗವಾದರೂ ಗುರುವಿನ ಕೈಯಿಂದ ಅಂಗೈಗೆ ಬರುವಂಥದು. ಚಾಲುಕ್ಯರ ಕಾಲದ ಶಾಸನಗಳುಳ್ಳ ಆಡೂರಿನವರಿಗೆ ಇದು ತಿಳಿಯದ ಮಾತಲ್ಲ: ಹಿಂದಿನವರು ಕೊಟ್ಟ ದಾನವನ್ನು ಊರು ಓದುವಂತೆ ಕಲ್ಲಿನಲ್ಲಿ ಕೊರೆಯಿಸಿದರು.

ವಂಚಕನ ಪ್ರೇಮದ ಮೊದಲನೆಯ ಕಟ್ಟಳೆಯೇ ಗುಟ್ಟು. "ಮಕ್ಕಳಿಗೆ ಹೇಳಬೇಡ, ಅವರಿಗೆ ಅರ್ಥವಾಗದು" ಎಂದು ಆ ಹೆಂಗಸು ಮೊದಲ ತಿಂಗಳಲ್ಲಿಯೇ ಬರೆದಿದ್ದಳು. ನುಡಿಯುಂಟು, ನಡೆಯಿಲ್ಲ, ಬೇಡುವ ಕೈಯುಂಟು, ಮುಖವಿಲ್ಲ. ನಮ್ಮವರಿಂದ ನಮ್ಮನ್ನು ಬೇರ್ಪಡಿಸಿ ಬಳಿಕ ಬೇಡುವ ಪ್ರೀತಿ ಪ್ರೀತಿಯಲ್ಲ. ಆದುದರಿಂದ ನಂಬಿದುದು ಆ ಹಿರಿಯರ ದೋಷವಲ್ಲ. ನಂಬಿದುದನ್ನು ಒಬ್ಬರೊಡನೆಯೂ ಆಡದೆ ಬಚ್ಚಿಟ್ಟುದೇ ದೋಷ.

ಬಚ್ಚಿಡುವಂತೆ ಮಾಡಿದವರಾರು? ನಗುವ ನಾವು. ನಗೆಗೆ ಅಂಜಿದವನು ಮಗನಿಗೂ ಹೇಳಲಾರ, ಪೊಲೀಸರಿಗೂ ಹೇಳಲಾರ. ತಡಮಾಡಿದಷ್ಟೂ ಹಣ ಕೈಮೀರುತ್ತದೆ. 1930 ಎಂಬ ಸರಕಾರದ ಸಹಾಯವಾಣಿಗೆ ಕೂಡಲೇ ತಿಳಿಸಿದರೆ ಹಣವನ್ನು ಬ್ಯಾಂಕಿನಲ್ಲಿಯೇ ತಡೆಹಿಡಿಯಲು ಅವಕಾಶವಿರುತ್ತದೆ. ಗಣಕಯಂತ್ರದ ಮೂಲಕ ಸೋಗುಹಾಕಿ ವಂಚಿಸಿದವನಿಗೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 66-ಡಿ ಕಲಮಿನಂತೆ ಮೂರು ವರ್ಷಗಳವರೆಗೆ ಸೆರೆವಾಸವೂ ಒಂದು ಲಕ್ಷ ರೂಪಾಯಿಗಳವರೆಗೆ ದಂಡವೂ ಉಂಟು. ಆದರೆ ನೊಂದವನು ಬಾಯಿ ತೆರೆಯದಿದ್ದರೆ ಕಾಯಿದೆ ಏನು ಮಾಡೀತು?

ಆ ಹಿರಿಯರು ಕೊನೆಗೆ ಮಗನಿಗೆ ಹೇಳಿಕೊಂಡರು. ಹಣ ಮರಳಲಿಲ್ಲ. ಮಗನು ಬೈಯಲಿಲ್ಲ; ಈಗ ರಾತ್ರಿ ತಪ್ಪದೆ ಕರೆ ಮಾಡಿ, ಊಟವಾಯಿತೇ ಎಂದು ಕೇಳುತ್ತಾನಂತೆ. ಹಣ ಹೋಗುವ ಮೊದಲೂ ಅವನು ಹೀಗೆ ಕೇಳಬಹುದಾಗಿತ್ತು. ನಮ್ಮಲ್ಲಿ ಅನೇಕರು ಇಂದು ರಾತ್ರಿಯೇ ಕೇಳಬಹುದು.