ಕಾಲಿಗೆ ಬೇಕಾದ ಚಲನೆ

‘ಕೂತಲ್ಲಿ ಕಾಲು ಅಲ್ಲಾಡಿಸಬೇಡ’ ಎಂಬ ಹಿರಿಯರ ಗದರಿಕೆ ಕೇಳುತ್ತಲೇ ಬೆಳೆದವರು ನಾವು. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೂ ಅದೇ ಮಾತು ಹೇಳಿದರೆ ಅನ್ಯಾಯವಾಗುತ್ತದೆ. ಅವರಲ್ಲಿ ಹಲವರಿಗೆ ರಾತ್ರಿ ಮಲಗಿದೊಡನೆ ಮೀನಖಂಡದೊಳಗೆ ಏನೋ ಹರಿದಾಡಿದಂತಾಗುತ್ತದೆ, ಕಾಲು ಆಡಿಸದೆ ಇರಲಾಗುವುದಿಲ್ಲ, ಎದ್ದು ನಾಲ್ಕು ಹೆಜ್ಜೆ ಹಾಕಿದರೆ ತುಸು ಹಾಯೆನಿಸುತ್ತದೆ. ಇದು ಚಪಲವಲ್ಲ, ಕಾಯಿಲೆ. ಸ್ವೀಡನ್ನಿನ ನರರೋಗ ತಜ್ಞ ಎಕ್‌ಬೊಮ್ 1945ರಲ್ಲಿ ಇದನ್ನು ವಿವರವಾಗಿ ದಾಖಲಿಸಿ ‘ರೆಸ್ಟ್‌ಲೆಸ್ ಲೆಗ್ಸ್’ ಎಂದು ಕರೆದರು. ಕಿಡ್ನಿ ಕೈಕೊಟ್ಟವರಲ್ಲಿ ಇದು ಉಳಿದವರಿಗಿಂತ ಹೆಚ್ಚು. ಕಬ್ಬಿಣಾಂಶದ ಕೊರತೆ, ಮಿದುಳಿನ ಡೋಪಮೈನ್ ವ್ಯವಸ್ಥೆಯ ಏರುಪೇರು ಇದರ ಹಿಂದಿರುತ್ತವೆ.

ಸುಮ್ಮನಿದ್ದಷ್ಟೂ ಇದು ಕೆರಳುತ್ತದೆ. ಡಯಾಲಿಸಿಸ್ ಎಂದರೆ ನಾಲ್ಕು ತಾಸು ಸುಮ್ಮನಿರುವುದೇ ತಾನೆ! ತಡೆಯಲಾರದೆ ಅರ್ಧಕ್ಕೇ ಎದ್ದುಬಿಡುವವರಿದ್ದಾರೆ. ಹಾಗೆ ಎದ್ದರೆ ಹೊರಹೋಗಬೇಕಾದ ನೀರು, ಕಲ್ಮಶ ಮೈಯಲ್ಲೇ ಉಳಿಯುತ್ತವೆ. ಅದರ ಬದಲು ಆ ಹೊತ್ತನ್ನೇ ವ್ಯಾಯಾಮಕ್ಕೆ ಬಳಸಿಕೊಳ್ಳಿ ಎನ್ನುತ್ತೇನೆ. ಗ್ರೀಸ್‌ನ ಸಂಶೋಧಕರು ರೋಗಿಗಳಿಂದ ಡಯಾಲಿಸಿಸ್ ನಡೆಯುವಾಗಲೇ, ಮಲಗಿದ್ದಲ್ಲಿಯೇ ಆರು ತಿಂಗಳು ಪೆಡಲ್ ತುಳಿಸಿದಾಗ ಕಾಲಿನ ಕಾಟ ಇಳಿದಿತ್ತು. ಹೊಸ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಸಿಗದು: ವಾರದ ದಿನ, ಹೊತ್ತು ಎಲ್ಲ ಆಗಲೇ ಗೊತ್ತಾಗಿರುತ್ತದೆ, ಪಕ್ಕದಲ್ಲಿ ಬಿಪಿ ನೋಡುವವರೂ ಇರುತ್ತಾರೆ.

ವೈದ್ಯರು ಒಪ್ಪಿದ ಮೇಲೆ ಐದು ನಿಮಿಷದಿಂದ ಶುರು ಮಾಡಿ. ಪೆಡಲ್ ಇಲ್ಲದಿದ್ದರೆ ಪಾದವನ್ನು ಮೇಲೆ ಕೆಳಗೆ ಆಡಿಸಿ. ಒಂದೊಂದೇ ಮಂಡಿ ಮಡಚಿ ಚಾಚಿ. ಮೊದಲ ಎರಡು ತಾಸಿನೊಳಗೆ ಮುಗಿಸಿ. ಆಮೇಲೆ ನೀರು ಹೆಚ್ಚು ತೆಗೆದಿರುವುದರಿಂದ ಬಿಪಿ ಕುಸಿಯಬಹುದು. ಡಯಾಲಿಸಿಸ್ ಸೂಜಿ ಚುಚ್ಚುವ ಫಿಸ್ಟುಲಾ ಇರುವ ಕೈ ಅಲುಗಬಾರದು. ತೊಡೆಸಂದಿಗೆ ಕ್ಯಾಥೆಟರ್ ಹಾಕಿದ್ದರೆ ಆ ಕಾಲನ್ನು ಮಡಚಲೇಬಾರದು. ತಲೆಸುತ್ತು, ಎದೆನೋವು, ಏದುಸಿರು ಬಂದರೆ ಕೂಡಲೇ ನಿಲ್ಲಿಸಿ ಟೆಕ್ನಿಷಿಯನ್‌ಗೆ ಹೇಳಿ.

ಉಳಿದ ದಿನ ಸಂಜೆ ನಡಿಗೆ ಸಾಕು. ಗೋಡೆಗೆ ಕೈಕೊಟ್ಟು ಮೀನಖಂಡವನ್ನು ನಿಧಾನವಾಗಿ ಸಡಿಲಿಸಿ. ಮಲಗುವ ಹೊತ್ತಿಗೆ ಬೆವರಿಳಿಯುವಂಥ ಕಸರತ್ತು ಬೇಡ, ಸಂಜೆಯ ಕಾಫಿಯನ್ನೂ ಬಿಟ್ಟು ನೋಡಿ. ಸಕ್ಕರೆ ಕಾಯಿಲೆಯವರು ಬರಿಗಾಲಲ್ಲಿ ನಡೆಯಬೇಡಿ. ಮನೆಯವರು ‘ಸುಮ್ಮನೆ ಮಲಗು’ ಎನ್ನುವ ಬದಲು ರೋಗಿಯ ಜೊತೆ ಬೀದಿಯ ತುದಿಯವರೆಗೆ ಹೋಗಿಬಂದರೆ ಅದೇ ದೊಡ್ಡ ಉಪಕಾರ. ಒಬ್ಬರೇ ಹಿಡಿದ ಅಭ್ಯಾಸ ಸುಸ್ತಾದ ದಿನ ತಪ್ಪಿಹೋಗುತ್ತದೆ.

ವಾಂತಿಗೆ, ಅಲರ್ಜಿಗೆ, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು ಕಾಲಿನ ಕಾಟ ಹೆಚ್ಚಿಸುತ್ತವೆ. ಹಾಗಾಗಿ ನುಂಗುವ ಮಾತ್ರೆಗಳೆಲ್ಲವನ್ನೂ ವೈದ್ಯರಿಗೆ ತೋರಿಸಿ, ಕಬ್ಬಿಣಾಂಶದ ಕೊರತೆ ತಿಳಿಯಲು ಮಾಡುವ ಫೆರಿಟಿನ್ ಪರೀಕ್ಷೆಯ ಬಗ್ಗೆಯೂ ಕೇಳಿ. ವ್ಯಾಯಾಮ ಮಾಡಿಯೂ ನಿದ್ದೆ ಬಾರದಿದ್ದರೆ ಸಂಕೋಚ ಬಿಟ್ಟು ಹೇಳಿ. ಇದಕ್ಕೆ ಔಷಧಿಗಳಿವೆ, ಕಿಡ್ನಿಯ ಸ್ಥಿತಿ ನೋಡಿ ಪ್ರಮಾಣ ಗೊತ್ತುಮಾಡುವುದು ವೈದ್ಯರ ಕೆಲಸ.